ಶಾಮ್ ಶುಯಿ ಪೋ ಮಹಡಿ ಮೇಲಿನ ಡಿಸ್ಕ್ ಅಂಗಡಿ, ಅಲ್ಲಿಯ ಹೊಸಬರ ಕಪಾಟು

ಹಾಂಗ್ ಕಾಂಗ್‌ನ ಶಾಮ್ ಶುಯಿ ಪೋ ಮೆಟ್ರೋ ನಿಲ್ದಾಣದ ಸಿ2 ಬಾಗಿಲಿನಿಂದ ಮೇಲೆ ಬಂದರೆ ಆಪ್ಲಿಯು ಬೀದಿಯ ಸಂತೆ. ಹಳೇ ರಿಮೋಟು, ಕೇಬಲ್ಲು, ಟಾರ್ಚು, ಹೊಟ್ಟೆ ಬಿಚ್ಚಿಟ್ಟ ರೇಡಿಯೊಗಳ ರಾಶಿ ದಾಟಿ ಸ್ವಲ್ಪ ನಡೆದರೆ ಒಂದು ಹಳೇ ಕಟ್ಟಡ. ಲಿಫ್ಟ್ ಇಲ್ಲ. ಕಡಿದಾದ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದರೆ ಸಿನಿಮಾ ಡಿಸ್ಕ್ ಮಾರುವ ಈ ಅಂಗಡಿ ಸಿಗುತ್ತದೆ. ಹೆಸರು, ವಿಳಾಸ ಬರೆಯಬೇಡಿ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಒಳಗೆ ಐದು ಜನ ನಿಂತರೆ ಆರನೆಯವರು ಮೆಟ್ಟಿಲ ಮೇಲೆ ಕಾಯಬೇಕು, ಅದಕ್ಕೇ ಅವರಿಗೆ ಪ್ರಚಾರ ಬೇಡ. ನೆಲಮಹಡಿಯ ಬಾಡಿಗೆ ಕಟ್ಟಲಾಗದೆ ಹೀಗೆ ಮೇಲೆ ಅಂಗಡಿ ಇಡುವುದು ಹಾಂಗ್ ಕಾಂಗ್‌ನಲ್ಲಿ ಹೊಸದೇನಲ್ಲ. ಎಷ್ಟೋ ಪುಸ್ತಕದಂಗಡಿಗಳು ಬದುಕಿರುವುದೂ ಹೀಗೆಯೇ.

ನಾನು ಕ್ವುನ್ ಟೋಂಗ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ಈ ಊರಿಗೆ ಬಂದು ಆರು ವರ್ಷವಾಯಿತು. ಇಲ್ಲಿನ ಮಾತು ಕ್ಯಾಂಟನೀಸ್ ಕಿವಿಗೆ ಹತ್ತಲಿ ಎಂದು ಸಿನಿಮಾ ನೋಡಲು ಶುರು ಮಾಡಿದೆ. ಯಾವುದನ್ನು ನೋಡಬೇಕೆಂದು ತಿಳಿಯದೆ ಮೊದಲ ವರ್ಷ ಬರೀ ಹೊಡೆದಾಟದ ಚಿತ್ರಗಳಲ್ಲೇ ಕಳೆದುಹೋಯಿತು. ಆಮೇಲೆ ಈ ಅಂಗಡಿ ಸಿಕ್ಕಿತು, ಇಲ್ಲಿ ಆ ಕಪಾಟು ಸಿಕ್ಕಿತು.

ಬಾಗಿಲ ಎಡಕ್ಕೆ, ಹಣ ತೆಗೆದುಕೊಳ್ಳುವ ಮೇಜಿನ ಹಿಂದೆ ಅದು ಇದೆ. ಮೇಲೆ ಕೈಬರಹದ ಚೀಟಿ: ‘ಸನ್ ಯನ್’, ಹೊಸಬರು. ಮಿಕ್ಕ ಡಿಸ್ಕುಗಳೆಲ್ಲ ನಿರ್ದೇಶಕರ ಹೆಸರಿನ ಮೇಲೆ ಜೋಡಿಸಿವೆ. ಈ ಕಪಾಟು ಮಾತ್ರ ಬೇರೆ. ಹಾಂಗ್ ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ ಪಡೆದವರ, ಅದಕ್ಕೆ ನಾಮನಿರ್ದೇಶನಗೊಂಡವರ ಸಿನಿಮಾಗಳು ವರ್ಷದ ಪ್ರಕಾರ ಇಲ್ಲಿ ಕೂತಿವೆ. ಕೆಳಗಿನ ಒಂದು ಸಾಲು ತೈಪೆಯ ಗೋಲ್ಡನ್ ಹಾರ್ಸ್ ಪ್ರಶಸ್ತಿಯ ಹೊಸಬರಿಗೆ. ಇಂಥ ಕಪಾಟು ನಾನು ಬೇರೆಲ್ಲೂ ಕಂಡಿಲ್ಲ. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕಾಗಿ.

ಹಾಂಗ್ ಕಾಂಗ್ ಫಿಲ್ಮ್ ಅವಾರ್ಡ್ಸ್ ಶುರುವಾದದ್ದು 1982ರಲ್ಲಿ. ಕಪಾಟಿನ ಮೊದಲ ಪೆಟ್ಟಿಗೆ ಮರುವರ್ಷದ್ದು, 1983ರ ಎರಡನೇ ಸಮಾರಂಭದ್ದು: ಆನ್ ಹುಯಿ ನಿರ್ದೇಶನದ ‘ಬೋಟ್ ಪೀಪಲ್’. ಯುದ್ಧ ಮುಗಿದ ವಿಯೆಟ್ನಾಮಿನ ಕಥೆ, ಚಿತ್ರೀಕರಣ ನಡೆದದ್ದು ಹೈನಾನ್ ದ್ವೀಪದಲ್ಲಿ. ಜಪಾನಿ ಛಾಯಾಗ್ರಾಹಕನ ಜೊತೆ ಓಡಾಡುವ ಬಡ ಹುಡುಗಿಯ ಪಾತ್ರ ಮಾಡಿದ ಸೀಸನ್ ಮಾಗೆ ಪ್ರಶಸ್ತಿ ಬಂತು. ಅದೇ ಸಿನಿಮಾದಿಂದ ಅದೇ ಪ್ರಶಸ್ತಿಗೆ ಇನ್ನೊಬ್ಬ ಹುಡುಗನ ಹೆಸರೂ ಇತ್ತು. ಅವನು ಆಂಡಿ ಲಾವ್. ಸೋತ ಹುಡುಗ ಮುಂದೆ ಅದೇ ವೇದಿಕೆಯಲ್ಲಿ ಮೂರು ಸಲ ಅತ್ಯುತ್ತಮ ನಟನಾದ. ಗೆದ್ದ ಹುಡುಗಿಯ ಹೆಸರು ಇವತ್ತು ನನ್ನ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಇದನ್ನು ಹೇಳಿದರೆ ಜನ ಸಾಮಾನ್ಯವಾಗಿ ‘ಹಾಗಾದರೆ ತೀರ್ಪುಗಾರರು ತಪ್ಪಿದರು’ ಅನ್ನುತ್ತಾರೆ. ನಾನು ಆ ಮಾತು ಒಪ್ಪುವುದಿಲ್ಲ. ಡಿಸ್ಕ್ ಹಾಕಿ ಆ ಹುಡುಗಿಯನ್ನು ನೋಡಿ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವ ಅವಳು ಪರದೇಶಿಯನ್ನು ಅಳೆಯುವ ಆ ನೋಟ! ನಾಳೆ ಯಾರು ತಾರೆಯಾಗುತ್ತಾರೆಂದು ಜ್ಯೋತಿಷ್ಯ ಹೇಳುವುದು ಈ ಪ್ರಶಸ್ತಿಯ ಕೆಲಸವಲ್ಲ. ಆ ವರ್ಷ ಪರದೆಯ ಮೇಲೆ ಯಾರು ಮೊದಲ ಸಲ ಜೀವಂತವಾಗಿ ಕಂಡರು ಅನ್ನುವುದಷ್ಟೇ ಅದರ ಪ್ರಶ್ನೆ. ಪಳಗಿದ ನಟ ಊರನ್ನು ಅಭಿನಯಿಸಿ ತೋರಿಸುತ್ತಾನೆ. ಹೊಸಬರ ಮೈಗೆ ಊರು ಇನ್ನೂ ಅಂಟಿಕೊಂಡೇ ಇರುತ್ತದೆ, ಚೀಲ ಹಿಡಿಯುವ ರೀತಿಯಲ್ಲಿ, ಬಸ್ಸಿಗೆ ಕಾಯುವಾಗ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದರಲ್ಲಿ. ಭಾಷೆ ಕಲಿಯಲು ಬಂದ ನನಗೆ ಬೇಕಾಗಿದ್ದದ್ದೂ ಅದೇ.

ಮಾಲೀಕರಿಗೆ ಎಪ್ಪತ್ತು ದಾಟಿರಬೇಕು. ನಾನು ‘ಲೋ ಬಾನ್’, ಯಜಮಾನರೇ, ಎಂದು ಕರೆಯುತ್ತೇನೆ. ಅವರ ನೆಚ್ಚಿನ ಪೆಟ್ಟಿಗೆಗಳು ಅನಿತಾ ಯುಯೆನ್‌ದು. 1990ರಲ್ಲಿ ಮಿಸ್ ಹಾಂಗ್ ಕಾಂಗ್ ಆದವಳು, 1993ರಲ್ಲಿ ಹೊಸ ಕಲಾವಿದೆ ಪ್ರಶಸ್ತಿ, 1994 ಮತ್ತು 1995ರಲ್ಲಿ ಒಂದರ ಹಿಂದೊಂದು ಅತ್ಯುತ್ತಮ ನಟಿ. “ಮೂರು ವರ್ಷದಲ್ಲಿ ಇಡೀ ಊರೇ ಅವಳದ್ದಾಗಿತ್ತು” ಎಂದು ಹೇಳುವಾಗ ಅವರ ಮುಖ ಅರಳುತ್ತದೆ. ಆ ಕಾಲದವು ಹೆಚ್ಚಾಗಿ ವಿಸಿಡಿ, ಅಂದರೆ ಡಿವಿಡಿಗಿಂತ ಹಳೆಯ ವಿಡಿಯೊ ಡಿಸ್ಕ್ ರೂಪದಲ್ಲಿವೆ, ಒಂದಕ್ಕೆ 10 ಹಾಂಗ್ ಕಾಂಗ್ ಡಾಲರ್. ಚಿತ್ರ ಮಸುಕು, ಅರ್ಧಕ್ಕೆ ಎದ್ದು ಡಿಸ್ಕ್ ಬದಲಿಸಬೇಕು. ಆದರೂ ಹತ್ತು ಡಾಲರಿಗೆ ಮೋಸವಿಲ್ಲ.

ಈಗ ನನ್ನ ಸಾಲಿಗೆ ಬರುತ್ತೇನೆ. 2019ರ ಪೆಟ್ಟಿಗೆ ‘ಸ್ಟಿಲ್ ಹ್ಯೂಮನ್’. ಗೆದ್ದವರು ಕ್ರಿಸೆಲ್ ಕನ್ಸುಂಜಿ, ಫಿಲಿಪ್ಪೀನ್ಸ್‌ನವರು. ಹಾಂಗ್ ಕಾಂಗ್‌ಗೆ ಬಂದದ್ದು ಇಲ್ಲಿನ ಡಿಸ್ನಿಲ್ಯಾಂಡ್‌ನಲ್ಲಿ ಕಾರ್ಯಕ್ರಮ ಕೊಡಲು. ಸಿನಿಮಾದಲ್ಲಿ ಅವರದು ಗಾಲಿಕುರ್ಚಿಯಲ್ಲಿರುವ ಒಬ್ಬ ಸಿಡುಕಿನ ಮನುಷ್ಯನನ್ನು ನೋಡಿಕೊಳ್ಳುವ ಮನೆಗೆಲಸದವಳ ಪಾತ್ರ. ಅವಳಿಗೆ ಛಾಯಾಗ್ರಾಹಕಿ ಆಗುವ ಆಸೆ. ಯಜಮಾನನಾಗಿ ಆಂಟನಿ ವಾಂಗ್ ಸಂಭಾವನೆ ತೆಗೆದುಕೊಳ್ಳದೆ ನಟಿಸಿದರು. ಹೊಸ ನಿರ್ದೇಶಕರ ಮೊದಲ ಚಿತ್ರಕ್ಕೆ ಹಣ ಕೊಡುವ ಸರ್ಕಾರದ ಯೋಜನೆಯಿಂದ ನಿರ್ದೇಶಕಿ ಆಲಿವರ್ ಚಾನ್ ಅವರಿಗೆ ಸಿಕ್ಕಿದ್ದು 32.5 ಲಕ್ಷ ಹಾಂಗ್ ಕಾಂಗ್ ಡಾಲರ್. ಸಿನಿಮಾದ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು.

ಇಲ್ಲಿ ಮನೆಗೆಲಸಕ್ಕೆ ಬರುವ ಪರದೇಶಿ ಹೆಣ್ಣುಮಕ್ಕಳು ಯಜಮಾನರ ಮನೆಯಲ್ಲೇ ಇರಬೇಕೆಂಬುದು ನಿಯಮ. ವಾರಕ್ಕೆ ಒಂದು ದಿನ ರಜೆ. ಭಾನುವಾರ ಊರಿನ ವ್ಯಾಪಾರ ಕೇಂದ್ರವಾದ ಸೆಂಟ್ರಲ್‌ಗೆ ಹೋದರೆ ಮೇಲುಸೇತುವೆಗಳ ಕೆಳಗೆ ರಟ್ಟು ಹಾಸಿಕೊಂಡು ಕೂತು ಊಟ ಹಂಚಿಕೊಳ್ಳುವ, ಫೋನಿನಲ್ಲಿ ಮಕ್ಕಳ ಮುಖ ನೋಡುವ ಸಾವಿರಾರು ಜನ ಕಾಣುತ್ತಾರೆ. ಆರು ವರ್ಷ ನಾನು ಅವರ ಪಕ್ಕದಲ್ಲೇ ನಡೆದು ಹೋಗಿದ್ದೇನೆ. ಅವರಲ್ಲೊಬ್ಬಳ ಕಥೆ ಪರದೆಯ ನಡುವೆ ಬಂದು ಕೂತಿತು, ಆ ಪಾತ್ರ ಮಾಡಿದವಳನ್ನು ‘ನಮ್ಮ ಈ ವರ್ಷದ ಹೊಸ ಕಲಾವಿದೆ’ ಎಂದು ಊರೇ ಕರೆಯಿತು. ಆ ಕರೆಯಲ್ಲಿರುವ ‘ನಮ್ಮ’ ನನಗೆ ತುಂಬ ದೊಡ್ಡದು. ಈ ಡಿಸ್ಕನ್ನು ನಾನು ಎರಡು ಸಲ ಕೊಂಡಿದ್ದೇನೆ, ಒಂದು ನಮ್ಮ ಮಹಡಿಯಲ್ಲೇ ಕೆಲಸ ಮಾಡುವ ಗೆಳತಿಗೆ.

ಅದರಿಂದ ನಾಲ್ಕು ಪೆಟ್ಟಿಗೆ ಆಚೆ 2023ರದ್ದು, ‘ದಿ ಸನ್ನಿ ಸೈಡ್ ಆಫ್ ದಿ ಸ್ಟ್ರೀಟ್’. ಪ್ರಶಸ್ತಿ ಪಡೆದವನು ಸಹಲ್ ಜಮಾನ್, ಪುಟ್ಟ ಹುಡುಗ. ಪಾತ್ರ ಪಾಕಿಸ್ತಾನದಿಂದ ಬಂದ ನಿರಾಶ್ರಿತ ಕುಟುಂಬದ ಮಗ ಹಸನ್‌ನದು. ಎದುರಿಗೆ ಮತ್ತೆ ಆಂಟನಿ ವಾಂಗ್, ಈ ಸಲ ಟ್ಯಾಕ್ಸಿ ಡ್ರೈವರ್. ಈ ಪಾತ್ರಕ್ಕಾಗಿ 2022ರಲ್ಲಿ ಅವರಿಗೆ ಗೋಲ್ಡನ್ ಹಾರ್ಸ್ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಹುಡುಗ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕ್ಯಾಂಟನೀಸ್ ಮಾತಾಡುತ್ತಾನೆ. ಉರ್ದು ಮಾತು ಬಂದಾಗೆಲ್ಲ ಸಬ್‌ಟೈಟಲ್ ನೋಡದೆಯೇ ನನಗೆ ಅರ್ಥವಾಗುತ್ತಿತ್ತು. ಅಲ್ಲಿಯವರೆಗೆ ಈ ಊರಿನ ಯಾವ ಸಿನಿಮಾದಲ್ಲೂ ನನಗೆ ಹಾಗಾಗಿರಲಿಲ್ಲ. ಟಿವಿ ಮುಂದೆ ಕೂತು ಅತ್ತುಬಿಟ್ಟೆ.

ಮರುವಾರ ಹೋಗಿ ಲೋ ಬಾನ್‌ಗೆ ಹೇಳಿದೆ. “ಹುಡುಗನ ಕ್ಯಾಂಟನೀಸ್ ನಿಮ್ಮದಕ್ಕಿಂತ ಚೆನ್ನಾಗಿದೆ, ಕೇಳಿ ಕಲಿಯಿರಿ” ಎಂದರು. ನಿಜ. ಈಗಲೂ ಅವನ ಸಂಭಾಷಣೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುತ್ತೇನೆ.

ಮಕ್ಕಳ ಮಾತು ಬಂತಲ್ಲ, ಈ ಕಪಾಟಿನಲ್ಲಿ ಅವರದೇ ಒಂದು ಗುಂಪಿದೆ. 2007ರಲ್ಲಿ ಗೌ ಇಯಾನ್ ಇಸ್ಕಂದರ್, ಪ್ಯಾಟ್ರಿಕ್ ಟಾಮ್ ಅವರ ‘ಆಫ್ಟರ್ ದಿಸ್ ಅವರ್ ಎಕ್ಸೈಲ್’ ಚಿತ್ರಕ್ಕೆ. ಹಿಂದಿನ ವರ್ಷವೇ ಗೋಲ್ಡನ್ ಹಾರ್ಸ್‌ನಲ್ಲಿ ಪೋಷಕ ನಟ ಪ್ರಶಸ್ತಿ ಗೆದ್ದಾಗ ಅವನಿಗೆ 9 ವರ್ಷ. ಅಪ್ಪನ ಜೂಜು, ಅಮ್ಮನ ಅಗಲಿಕೆ, ನಡುವೆ ಆ ಮಗುವಿನ ಮೌನ. ಇದನ್ನು ಒಬ್ಬರೇ ಇರುವ ರಾತ್ರಿ ನೋಡಬೇಡಿ. 2009ರಲ್ಲಿ ಷು ಜಿಯಾವ್, ಸ್ಟೀಫನ್ ಚೌ ಅವರ ‘ಸಿಜೆ7’ರಲ್ಲಿ ಬಡ ಕೂಲಿಕಾರನ ಮಗ. ಮಗ ಎಂದೆ, ಆದರೆ ನಟಿಸಿದ್ದು ಹುಡುಗಿ. ಹಾಗೆಂದು ಯಾರೂ ಹೇಳದಿದ್ದರೆ ಗೊತ್ತಾಗುವುದೇ ಇಲ್ಲ.

‘ಹೊಸಬರು’ ಅಂದರೆ ಎಳೆಯರೇ ಎಂದುಕೊಂಡಿದ್ದೆ. 2013ರ ಪೆಟ್ಟಿಗೆ ತೆಗೆದಾಗ ಆ ಯೋಚನೆ ಬಿದ್ದುಹೋಯಿತು. ‘ಕೋಲ್ಡ್ ವಾರ್’ ಚಿತ್ರಕ್ಕೆ ಹೊಸ ಕಲಾವಿದ ಪ್ರಶಸ್ತಿ ಪಡೆದ ಅಲೆಕ್ಸ್ ಚುಯಿ ಅರವತ್ತು ದಾಟಿದವರು, ಭ್ರಷ್ಟಾಚಾರ ನಿಗ್ರಹ ಸಂಸ್ಥೆ ಐಸಿಎಸಿಯ ಮಾಜಿ ಅಧಿಕಾರಿ. ಮೇಜಿನ ಆಚೆ ಕೂತು ಎದುರಿನವನನ್ನು ಅವರು ನೋಡುವ ಬಗೆ ನಟನಾ ಶಾಲೆಯಲ್ಲಿ ಕಲಿತದ್ದಲ್ಲ.

ಒಂದು ಪೆಟ್ಟಿಗೆಯ ಬಗ್ಗೆ ನನಗೂ ಲೋ ಬಾನ್‌ಗೂ ಪ್ರತೀ ಸಲ ವಾದ: ‘ಇನಿಷಿಯಲ್ ಡಿ’. 2005ರಲ್ಲಿ ಗೋಲ್ಡನ್ ಹಾರ್ಸ್, 2006ರಲ್ಲಿ ಹಾಂಗ್ ಕಾಂಗ್, ಎರಡೂ ಕಡೆ ಹೊಸಬರ ಪ್ರಶಸ್ತಿ ಜೇ ಚೌಗೆ. ಆ ಹೊತ್ತಿಗೆ ಗಾಯಕನಾಗಿ ಚೀನೀ ಭಾಷೆ ಆಡುವ ಕಡೆಗಳಲ್ಲೆಲ್ಲ ಅವರ ಹೆಸರು ಮನೆಮಾತು. “ಅವನೇನು ಹೊಸಬ?” ಅನ್ನುತ್ತಾರೆ ಲೋ ಬಾನ್, ಆ ಜಾಗ ಯಾರಾದರೂ ಹೆಸರಿಲ್ಲದ ಹುಡುಗನಿಗೆ ಹೋಗಬೇಕಿತ್ತು ಅಂತ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಸಿನಿಮಾ ನೋಡಿದ ಮೇಲೆ ಮನಸ್ಸು ಬದಲಾಯಿತು. ವೇದಿಕೆಯ ಮೇಲಿನ ಧೈರ್ಯದ ಸುಳಿವೂ ಇಲ್ಲದೆ, ಮಾತು ಬಾರದವನಂತೆ ಸ್ಟಿಯರಿಂಗ್ ಹಿಡಿದು ಕೂತ ಆ ಹುಡುಗ ಕ್ಯಾಮೆರಾಗೆ ನಿಜವಾಗಿಯೂ ಹೊಸಬ. 2020ರ ಜ್ಯಾಕ್ಸನ್ ಯೀ ವಿಷಯದಲ್ಲೂ ನನ್ನದು ಇದೇ ಮಾತು. ಹುಡುಗರ ಹಾಡಿನ ತಂಡದಿಂದ ಬಂದವನು, ಲಕ್ಷಾಂತರ ಅಭಿಮಾನಿಗಳಿದ್ದವನು. ಚೀನಾದ ಚೋಂಗ್‌ಚಿಂಗ್‌ನ ಮೆಟ್ಟಿಲು ಬೀದಿಗಳಲ್ಲಿ ತೆಗೆದ ‘ಬೆಟರ್ ಡೇಸ್’ನಲ್ಲಿ ಏಟು ತಿಂದು ಊದಿದ ಮುಖದ ಆ ಪೋಕರಿಯಲ್ಲಿ ಹಾಡುಗಾರ ಎಲ್ಲೂ ಕಾಣುವುದಿಲ್ಲ. ಆ ವರ್ಷ ಕೊರೋನಾದಿಂದ ಸಮಾರಂಭವೇ ನಡೆಯಲಿಲ್ಲ, ಹೆಸರುಗಳನ್ನು ಆನ್‌ಲೈನ್‌ನಲ್ಲಿ ಓದಿದರು. ಬದುಕಿನಲ್ಲಿ ಒಮ್ಮೆ ಮಾತ್ರ ಸಿಗುವ ಪ್ರಶಸ್ತಿ, ಅದನ್ನು ಪಡೆಯಲು ಹತ್ತಿ ಹೋಗುವ ವೇದಿಕೆ ಅವನಿಗೆ ಸಿಗಲಿಲ್ಲವಲ್ಲ ಎಂದು ನನಗೆ ಈಗಲೂ ಬೇಸರ.

ಗೋಲ್ಡನ್ ಹಾರ್ಸ್ ಸಾಲಿನಲ್ಲಿ ಒಂದೇ ಒಂದು ಕೊಳ್ಳುವುದಾದರೆ ಫ್ರೂಟ್ ಚಾನ್ ಅವರ ‘ಡ್ಯೂರಿಯನ್ ಡ್ಯೂರಿಯನ್’ ಕೊಳ್ಳಿ. ಈಶಾನ್ಯ ಚೀನಾದಿಂದ ಮೂರು ತಿಂಗಳ ವೀಸಾದಲ್ಲಿ ಹಾಂಗ್ ಕಾಂಗ್‌ನ ಮೋಂಗ್ ಕಾಕ್‌ಗೆ ಬಂದು ಮೈ ಮಾರಿ ದುಡಿಯುವ ಹೆಣ್ಣಿನ ಪಾತ್ರದಲ್ಲಿ ಚಿನ್ ಹೈಲು. 2001ರಲ್ಲಿ ಅವರಿಗೆ ಹೊಸ ಕಲಾವಿದೆ, ಅತ್ಯುತ್ತಮ ನಟಿ ಎರಡೂ ಪ್ರಶಸ್ತಿ ಒಟ್ಟಿಗೇ ಬಂದವು. ಮೊದಲರ್ಧದಲ್ಲಿ ಮೋಂಗ್ ಕಾಕ್‌ನ ಓಣಿಗಳಲ್ಲಿ ಅವಳ ಹೆಜ್ಜೆ ಎಷ್ಟು ಬಿರುಸು! ಊರಿಗೆ ಮರಳಿದ ಮೇಲೆ ಹಿಮದಲ್ಲಿ ಅದೇ ಕಾಲು ಎಷ್ಟು ನಿಧಾನ!

ಇನ್ನು ಅಂಗಡಿಯ ಕೊರತೆಗಳು. ಚೀಟಿಗಳೆಲ್ಲ ಚೀನೀ ಲಿಪಿಯಲ್ಲಿವೆ, ಓದಲು ಬಾರದವರು ವರ್ಷದ ಅಂಕಿ ನೋಡಿಕೊಂಡೇ ಹುಡುಕಬೇಕು. ಕಾರ್ಡ್ ನಡೆಯದು, ನಗದು ಮಾತ್ರ. ಮಧ್ಯಾಹ್ನ ಎರಡಕ್ಕೆ ಮೊದಲು ಬಾಗಿಲು ತೆಗೆಯುವುದಿಲ್ಲ. ಹಳೇ ವಿಸಿಡಿಗಳಲ್ಲಿ ಕೆಲವಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ. ಪೆಟ್ಟಿಗೆಯ ಬೆನ್ನು ನೋಡದೆ ಎರಡು ಕೊಂಡು ನಾನು ಏಮಾರಿದೆ, ವಾಪಸ್ ತೆಗೆದುಕೊಳ್ಳಲಿಲ್ಲ. ಆ ನಿಯಮ ಗೋಡೆಯ ಮೇಲೆ ಬರೆದಿದೆ, ಆದರೆ ಚೀನೀ ಬಾರದವರಿಗೆ ದುಡ್ಡು ಕೊಡುವ ಮೊದಲು ಬಾಯಿಮಾತಲ್ಲಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಗೀರು ಬಿದ್ದ ಡಿಸ್ಕಿನ ಭಯ ಬೇಡ, ಮೂಲೆಯಲ್ಲಿ ಒಂದು ಪ್ಲೇಯರ್ ಇದೆ, ಕೇಳಿದರೆ ಹಾಕಿ ತೋರಿಸುತ್ತಾರೆ. ಡಿವಿಡಿ 30ರಿಂದ 50 ಡಾಲರ್, ಬ್ಲೂ-ರೇ 90ರ ಮೇಲೆ. ಭಾರತಕ್ಕೆ ಒಯ್ಯುವವರು ಗಮನಿಸಿ, ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂದು ಹೇಳುವ ಗುರುತು ರೀಜನ್: ಇಲ್ಲಿನ ಡಿವಿಡಿ ರೀಜನ್ 3, ಬ್ಲೂ-ರೇ ರೀಜನ್ ಎ. ನಮ್ಮಲ್ಲಿ ಡಿವಿಡಿ ರೀಜನ್ 5, ಬ್ಲೂ-ರೇ ರೀಜನ್ ಸಿ. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಓಡದೆ ಇರಬಹುದು.

2017ರ ಜಾಗ ಮೂರು ವಾರದಿಂದ ಖಾಲಿ ಇದೆ. ‘ವೀಡ್ಸ್ ಆನ್ ಫೈರ್’ ಚಿತ್ರದ ಟೋನಿ ವೂ ಗೆದ್ದ ವರ್ಷ ಅದು, ಶಾ ಟಿನ್ ಹುಡುಗರ ಬೇಸ್‌ಬಾಲ್ ತಂಡದ ಕಥೆ. ಇದ್ದ ಒಂದೇ ಪ್ರತಿಯನ್ನು ಯಾರೋ ಶಾಲಾ ಹುಡುಗ ಕೊಂಡೊಯ್ದನಂತೆ. ಇನ್ನೊಂದು ಸಿಕ್ಕರೆ ನನಗೇ ತೆಗೆದಿಡಿ ಎಂದು ಲೋ ಬಾನ್‌ಗೆ ಹೇಳಿ, 20 ಡಾಲರ್ ಮುಂಗಡ ಕೊಟ್ಟು ಬಂದಿದ್ದೇನೆ.