ರೆಡಿಮೇಡ್ ಕಪ್ಪೆ ಟ್ಯಾಂಕ್ ಕಿಟ್: ಕಪ್ಪೆಗೆ ಐದು ಸ್ಟಾರ್, ಡಬ್ಬಿಗೆ ಒಂದೇ

ಎರಡು ಪುಟ್ಟ ನೀರುಕಪ್ಪೆ, ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಬಣ್ಣದ ಕಲ್ಲು, ಒಂದು ಬಿದಿರು ಕಡ್ಡಿ, ಒಂದು ಸಣ್ಣ ಪ್ಯಾಕೆಟ್ ಪೆಲೆಟ್. ಇಷ್ಟೇ ಈ ಕಿಟ್. "ಫಿಲ್ಟರ್ ಬೇಡ, ಹೀಟರ್ ಬೇಡ, ವಾರಕ್ಕೆ ಎರಡು ಸಲ ಊಟ ಹಾಕಿದರೆ ಸಾಕು" ಅಂತ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ನಮ್ಮ ಮನೆಗೆ ಇದು ಉಡುಗೊರೆಯಾಗಿ ಬಂತು. ಮೊದಲಿಂದಲೂ ಮೀನಿನ ಟ್ಯಾಂಕ್ ಇಟ್ಟುಕೊಂಡಿರುವ ಮನೆ ಆದ್ದರಿಂದ ಡಬ್ಬಿಯ ಮಾತನ್ನು ಯಾರೂ ನಂಬಲಿಲ್ಲ. ಆದರೆ ಕೊಂಡವರೆಲ್ಲ ಐದು ಸ್ಟಾರ್ ಸುರಿದಿರುವುದು ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಕಪ್ಪೆಗಳ ಬಗ್ಗೆ ನನ್ನದೇನೂ ದೂರಿಲ್ಲ. ಬಂದಿದ್ದು ಆಫ್ರಿಕನ್ ಡ್ವಾರ್ಫ್ ಫ್ರಾಗ್, ಹೈಮೆನೊಕೈರಸ್ ಕುಲದ್ದು. ಪೂರ್ತಿ ಬೆಳೆದರೂ 4 ಸೆಂ.ಮೀ. ಆಸುಪಾಸು ಅಷ್ಟೇ. ಹುಟ್ಟಿದಾಗಿಂದ ಕೊನೆವರೆಗೂ ನೀರಲ್ಲೇ ಇರುತ್ತವೆ. ಆದರೆ ಉಸಿರಾಡುವುದು ಶ್ವಾಸಕೋಶದಿಂದ, ಹಾಗಾಗಿ ಆಗಾಗ ಮೇಲಕ್ಕೆ ನುಗ್ಗಿ ಒಂದು ಗುಟುಕು ಗಾಳಿ ತಗೊಂಡು ಮತ್ತೆ ತಳ ಸೇರುತ್ತವೆ. ಇದೊಂದನ್ನೇ ನೋಡಿಕೊಂಡು ಸಂಜೆ ಕಳೆಯಬಹುದು.

ಡಬ್ಬಿ ಮೇಲಿನ ಫೋಟೋ ಮಾತ್ರ ಬೇರೆ ಕಪ್ಪೆಯದು. ಬೆಳ್ಳಗೆ, ಗುಂಡಗೆ ಇರುವ ಅದು ಆಫ್ರಿಕನ್ ಕ್ಲಾಡ್ ಫ್ರಾಗ್, ಅಂದರೆ ಕ್ಸೆನೊಪಸ್. ಮರಿಯಾಗಿದ್ದಾಗ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಕ್ಲಾಡ್ ಕಪ್ಪೆಯ ಹೆಣ್ಣು 10-12 ಸೆಂ.ಮೀ. ಬೆಳೆಯುತ್ತದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ, ಡ್ವಾರ್ಫ್ ಕಪ್ಪೆಯನ್ನೂ ಬಿಡುವುದಿಲ್ಲ. ಆದ್ದರಿಂದ ಕಿಟ್ ಮನೆಗೆ ಬಂದ ತಕ್ಷಣ ಮುಂಗಾಲು ನೋಡಿ. ಬೆರಳುಗಳ ನಡುವೆ ಪೊರೆ ಇದ್ದರೆ ಡ್ವಾರ್ಫ್, ಬೆರಳುಗಳು ಬಿಡಿಬಿಡಿಯಾಗಿದ್ದರೆ ಕ್ಲಾಡ್. ಕಣ್ಣು ತಲೆಯ ಪಕ್ಕಕ್ಕಿದ್ದರೆ ಡ್ವಾರ್ಫ್, ನೆತ್ತಿ ಮೇಲಿದ್ದರೆ ಕ್ಲಾಡ್. ಪೂರ್ತಿ ಬಿಳಿ ಕಪ್ಪೆ ಬಂದಿದ್ದರೆ ಅದು ಕ್ಲಾಡ್ ಅಂತಲೇ ಇಟ್ಟುಕೊಳ್ಳಿ.

ಈಗ ಡಬ್ಬಿಗೆ ಬರೋಣ. ಎರಡು ಲೀಟರ್ ನೀರೂ ಹಿಡಿಯುವುದಿಲ್ಲ. ಎರಡು ಕಪ್ಪೆಗೆ ಕನಿಷ್ಠ 20 ಲೀಟರ್ ಬೇಕು, 40 ಇದ್ದರೆ ನಿಮಗೂ ಆರಾಮ, ಅವಕ್ಕೂ ಆರಾಮ. ಸಣ್ಣ ಜೀವಕ್ಕೆ ಅಷ್ಟೊಂದು ನೀರು ಯಾಕೆ ಅಂತ ಕೇಳಬಹುದು. ಕಪ್ಪೆಯ ಗಲೀಜು, ಉಳಿದ ಆಹಾರ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಫಿಲ್ಟರೇ ಇಲ್ಲದ ಒಂದೂವರೆ ಲೀಟರ್ ನೀರಲ್ಲಿ ಅಮೋನಿಯಾ ಎಲ್ಲಿಗೆ ಹೋಗಬೇಕು? ಕಿಟ್‌ನ ನೀರಿಗೆ ಅಮೋನಿಯಾ ಟೆಸ್ಟ್ ಮಾಡಿದಾಗ ಹಳದಿ ಇರಬೇಕಾದ ಟ್ಯೂಬು ಕಡು ಹಸಿರಾಯಿತು, ಅಂದರೆ ಅಮೋನಿಯಾ ತುಂಬ ಜಾಸ್ತಿ ಇದೆ ಅಂತ. ಕಪ್ಪೆಗಳು ಮಾತ್ರ ಏನೂ ಆಗಿಲ್ಲ ಅನ್ನುವಂತೆ ಕಲ್ಲಿನ ಮೇಲೆ ಕೂತಿದ್ದವು.

ಐದು ಸ್ಟಾರ್‌ಗಳು ಎಲ್ಲಿಂದ ಬಂದವು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ನೀರು ಕೆಟ್ಟರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ನಮಗೆ ತಿಳಿಯುತ್ತದೆ. ಈ ಕಪ್ಪೆ ಹೇಗೂ ಗಾಳಿಯನ್ನೇ ಉಸಿರಾಡುವುದರಿಂದ ಅಂಥ ಸೂಚನೆ ಕೊಡುವುದಿಲ್ಲ. ಆದರೆ ಅದರ ಚರ್ಮ ತುಂಬ ತೆಳು, ನೀರಲ್ಲಿರುವುದೆಲ್ಲ ಅದರ ಮೂಲಕ ಮೈಯೊಳಗೆ ಹೋಗುತ್ತದೆ, ಹಾಗಾಗಿ ಹೊರಗಿಂದ ಶಾಂತವಾಗಿ ಕೂತಂತೆ ಕಂಡರೂ ಒಳಗೊಳಗೇ ಸೊರಗುತ್ತಿರುತ್ತದೆ. ಜನ ಮೊದಲ ವಾರದಲ್ಲಿ ರಿವ್ಯೂ ಬರೆಯುತ್ತಾರೆ. ಆಮೇಲೆ ಏನಾಯಿತು ಅಂತ ಬರೆಯೋಕೆ ಯಾರು ವಾಪಸ್ ಬರುತ್ತಾರೆ ಹೇಳಿ.

ಕಿಟ್‌ನಲ್ಲಿ ವಾಟರ್ ಕಂಡಿಷನರ್, ಅಂದರೆ ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವ, ಇಲ್ಲ. ನನ್ನ ಪ್ರಕಾರ ಅತಿ ದೊಡ್ಡ ತಪ್ಪು ಇದೇ. ನಲ್ಲಿ ನೀರಿನ ಕ್ಲೋರಿನ್ ಕಪ್ಪೆಯ ಚರ್ಮಕ್ಕೆ ಆಗಿಬರುವುದಿಲ್ಲ. ಒಂದು ದಿನ ನೀರು ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಅನ್ನುವುದು ನಿಜ, ಆದರೆ ಕ್ಲೋರಮಿನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು) ಹಾಕಿದ ನೀರಾದರೆ ಹಾಗೆ ಹೋಗುವುದಿಲ್ಲ. ಕಂಡಿಷನರ್‌ನ ನಾಲ್ಕು ಹನಿಯ ಪುಟ್ಟ ಬಾಟಲಿ ಇಡೋಕೆ ಏನು ಕಷ್ಟ ಇತ್ತೋ!

ಬಣ್ಣದ ಕಲ್ಲು ಚೆನ್ನಾಗಿ ಕಾಣುತ್ತದೆ, ಆದರೆ ಕಪ್ಪೆಗೆ ಅಪಾಯ. ಇವಕ್ಕೆ ನಾಲಿಗೆ ಇಲ್ಲ. ಬಾಯಿ ತೆರೆದು ನೀರಿನ ಜೊತೆಗೇ ಆಹಾರವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಆ ಎಳೆತಕ್ಕೆ ಸಣ್ಣ ಕಲ್ಲೂ ಒಳಗೆ ಹೋಗಿ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳಬಹುದು. ನುಣುಪಾದ ಮರಳು ಹಾಕಿ, ಇಲ್ಲವೇ ಕಪ್ಪೆಯ ತಲೆಗಿಂತ ದೊಡ್ಡ ಕಲ್ಲು ಹಾಕಿ. ಬಿದಿರು ಅಂತ ಕೊಟ್ಟಿದ್ದು ಡ್ರಸೀನಾ ಗಿಡ. ಎಲೆ ನೀರಿನ ಮೇಲಿದ್ದರೆ ಬದುಕುತ್ತದೆ, ಮುಳುಗಿದರೆ ಕೊಳೆಯುತ್ತದೆ. ಅದು ಹೊರಗೆ ಬರಲಿ ಅಂತ ಮುಚ್ಚಳದಲ್ಲಿ ಒಂದು ತೂತು ಬಿಟ್ಟಿದ್ದಾರೆ, ಆ ತೂತಿನಲ್ಲಿ ಕಪ್ಪೆಯೂ ಆರಾಮವಾಗಿ ತೂರುತ್ತದೆ. ಹೊರಗೆ ಬಿದ್ದ ಕಪ್ಪೆ ಬೇಗ ಒಣಗಿ ಸಾಯುತ್ತದೆ, ಹಾಗಾಗಿ ಯಾವ ಟ್ಯಾಂಕ್ ಆದರೂ ಸಂದಿ ಇಲ್ಲದ ಮುಚ್ಚಳ ಬೇಕು. ನೀರಿಗೂ ಮುಚ್ಚಳಕ್ಕೂ ನಡುವೆ ಉಸಿರಾಡಲು ಒಂದಿಷ್ಟು ಗಾಳಿ ಜಾಗ ಬಿಡಿ.

ಪೆಲೆಟ್ ಪ್ಯಾಕೆಟ್‌ಗೆ ಅರ್ಧ ಅಂಕ. ಮುಳುಗುವ ಪೆಲೆಟ್ ಅನ್ನುವುದು ಒಳ್ಳೆಯದು, ತೇಲುವ ಆಹಾರ ಇವಕ್ಕೆ ಉಪಯೋಗ ಇಲ್ಲ. ಆದರೆ ನಮ್ಮ ಕಪ್ಪೆಗಳು ಅದನ್ನು ಮೂಸಿಯೂ ನೋಡಲಿಲ್ಲ. ಫ್ರೋಜನ್ ಬ್ಲಡ್‌ವರ್ಮ್ ಕರಗಿಸಿ ಡ್ರಾಪರ್‌ನಲ್ಲಿ ಮೂಗಿನ ಮುಂದೆ ಬಿಟ್ಟಾಗಲೇ ಆಟ ಶುರುವಾಯಿತು. ಕಣ್ಣು ಅಷ್ಟು ಚುರುಕಿಲ್ಲ, ವಾಸನೆ ಮೇಲೇ ಹುಡುಕಾಟ. ಕೆಂಪು ಹುಳ ಮೂತಿಗೆ ತಾಗುತ್ತಿದ್ದರೂ ಒಂದು ಕ್ಷಣ ಅಲ್ಲಾಡದೆ ಕೂತಿರುತ್ತದೆ, ಆಮೇಲೆ ಥಟ್ಟನೆ ಬಾಯಿ ಹಾಕುತ್ತದೆ, ಹುಳ ತಪ್ಪಿ ಪಕ್ಕದ ಕಪ್ಪೆಯ ಕಾಲು ಬಾಯಿಗೆ ಬರುತ್ತದೆ, ಎರಡೂ ಒದ್ದಾಡಿ ಬಿಡಿಸಿಕೊಂಡು ಮತ್ತೆ ಅದೇ ಹುಳಕ್ಕೆ ಹುಡುಕಾಟ. ಮೀನಿನ ಜೊತೆ ಇಟ್ಟರೆ ಇವು ಉಪವಾಸ ಬೀಳುವುದು ಇದಕ್ಕೇ, ಇವಕ್ಕೆ ವಾಸನೆ ಸಿಗುವಷ್ಟರಲ್ಲಿ ಮೀನುಗಳು ಎಲ್ಲ ಖಾಲಿ ಮಾಡಿರುತ್ತವೆ. ಬೆಳೆದ ಕಪ್ಪೆಗೆ ದಿನ ಬಿಟ್ಟು ದಿನ ಹಾಕಿದರೆ ಸಾಕು. ಬ್ರೈನ್ ಶ್ರಿಂಪ್ (ಸಿಗಡಿಯಂಥ ಪುಟ್ಟ ಜೀವಿ) ಕೂಡ ಇಷ್ಟಪಡುತ್ತವೆ, ಒಂದೇ ಆಹಾರ ಹಾಕಬೇಡಿ. ಉಳಿದಿದ್ದನ್ನು ಅದೇ ಡ್ರಾಪರ್‌ನಲ್ಲಿ ತೆಗೆದುಬಿಡಿ.

ನಮ್ಮವನ್ನು 40 ಲೀಟರ್ ಟ್ಯಾಂಕ್‌ಗೆ ಹಾಕಿದ್ದೇವೆ. ನೀರಿನ ಎತ್ತರ 30 ಸೆಂ.ಮೀ. ಒಳಗೆ, ಮೇಲೆ ಬಂದು ಹೋಗೋಕೆ ಸುಸ್ತಾಗಬಾರದಲ್ವಾ. ಹಳೆಯ ಮೀನಿನ ಟ್ಯಾಂಕ್‌ನಲ್ಲಿ ಓಡುತ್ತಿದ್ದ ಸ್ಪಾಂಜ್ ಫಿಲ್ಟರನ್ನೇ ತಂದಿಟ್ಟಿದ್ದರಿಂದ ಬ್ಯಾಕ್ಟೀರಿಯಾ ಬೆಳೆಯಲು ಕಾಯಬೇಕಾಗಲಿಲ್ಲ. ಹೊಸ ಫಿಲ್ಟರ್ ಆದರೆ ಕಪ್ಪೆ ತರುವ ಮೊದಲೇ 4-6 ವಾರ ಬೇಕಾಗುತ್ತದೆ. ಜೋರಾಗಿ ನೀರು ಎಳೆಯುವ ಫಿಲ್ಟರ್ ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ. ಉಷ್ಣಾಂಶ 24ರಿಂದ 27 ಡಿಗ್ರಿ ಸೆಲ್ಸಿಯಸ್, ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ.

ಹೊಸಬರು ಗಾಬರಿಯಾಗುವ ಎರಡು ಸಂಗತಿ ಇವೆ, ಕಿಟ್‌ನ ಚೀಟಿಯಲ್ಲಿ ಎರಡೂ ಇಲ್ಲ. ಕೈಕಾಲು ಚಾಚಿ ಅಲ್ಲಾಡದೆ ತೇಲುತ್ತಿದ್ದರೆ ಸತ್ತಿದೆ ಅಂದುಕೊಳ್ಳಬೇಡಿ, ವಿಶ್ರಾಂತಿ ತಗೊಳ್ಳುವ ರೀತಿಯೇ ಅದು. ಮೈಯಿಂದ ತೆಳ್ಳಗಿನ ಬಿಳಿ ಪೊರೆ ಕಳಚಿ, ಅದನ್ನೇ ಬಾಯಿಗೆ ಎಳೆದುಕೊಂಡು ತಿನ್ನುತ್ತಿದ್ದರೆ ಅದೂ ಮಾಮೂಲು. ಆದರೆ ಪೊರೆ ಪದೇಪದೇ ಚೂರುಚೂರಾಗಿ ಸುಲಿಯುತ್ತಿದ್ದು ಕಪ್ಪೆ ಮಂಕಾಗಿದ್ದರೆ ಕೈಟ್ರಿಡ್ ಶಿಲೀಂಧ್ರದ ಸೋಂಕಿರಬಹುದು, ಪ್ರಾಣಿ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಮೊದಲೇ ಕಪ್ಪೆಗಳಿದ್ದರೆ ಹೊಸದನ್ನು ಒಂದೆರಡು ತಿಂಗಳು ಬೇರೆ ಟ್ಯಾಂಕ್‌ನಲ್ಲೇ ಇಡಿ, ಬಲೆ, ಪೈಪು ಕೂಡ ಬೇರೆಯೇ ಇರಲಿ. ರಾತ್ರಿ ಟ್ಯಾಂಕ್‌ನಿಂದ ಗುಂಯ್‌ಗುಟ್ಟುವ ಸದ್ದು ಬಂದರೆ ಪಂಪ್ ಕೆಟ್ಟಿಲ್ಲ, ಗಂಡು ಕಪ್ಪೆ ಹಾಡುತ್ತಿದೆ. ಮುಂಗಾಲಿನ ಹಿಂದೆ ಬಿಳಿ ಚುಕ್ಕೆ ಇರುವುದೇ ಗಂಡು.

"ಮಕ್ಕಳಿಗೆ ಒಳ್ಳೆಯ ಉಡುಗೊರೆ" ಅಂತ ಬರೆದ ಕಿಟ್‌ನಲ್ಲಿ ಕೈ ತೊಳೆಯುವ ಮಾತೇ ಇಲ್ಲದಿರುವುದು ನನಗೆ ಸಿಟ್ಟು ತರಿಸಿತು. ಅಮೆರಿಕದಲ್ಲಿ 2009ರಿಂದ 2011ರ ನಡುವೆ ಇದೇ ಡ್ವಾರ್ಫ್ ಕಪ್ಪೆಗಳಿಂದ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹರಡಿತ್ತು, ಸೋಂಕು ತಗುಲಿದವರಲ್ಲಿ ಪುಟ್ಟ ಮಕ್ಕಳೇ ಜಾಸ್ತಿ. ಟ್ಯಾಂಕ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಟ್ಯಾಂಕ್ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ. ಟ್ಯಾಂಕ್ ಒಳಗೆ ಮಾತ್ರ ಸೋಪು ತಾಗಲೇಬಾರದು. ಐದು ವರ್ಷದ ಒಳಗಿನ ಮಕ್ಕಳಿರುವ ಮನೆಗೆ ಇದನ್ನು ಉಡುಗೊರೆ ಕೊಡಬೇಡಿ ಅಂತಲೇ ನಾನು ಹೇಳುವುದು.

ಕಂಡಿಷನರ್ ಯಾಕಿಲ್ಲ, ಫೋಟೋದಲ್ಲಿ ಬೇರೆ ಕಪ್ಪೆ ಯಾಕೆ ಅಂತ ಮಾರಿದವರಿಗೆ ಬರೆದು ಕೇಳಿದೆ. "ಕಪ್ಪೆ ಸತ್ತಿದ್ದರೆ ಫೋಟೋ ಕಳಿಸಿ, ಬೇರೆ ಕೊಡುತ್ತೇವೆ" ಅಂತ ಉತ್ತರ ಬಂತು. ಸತ್ತಿಲ್ಲ ಸ್ವಾಮಿ, ನಿಮ್ಮ ಡಬ್ಬಿಯಿಂದ ಹೊರಗೆ ಬಂದಿವೆ, ಅದಕ್ಕೇ ಸತ್ತಿಲ್ಲ.

ನಿಮ್ಮ ಕೈಗೆ ಈಗಾಗಲೇ ಈ ಕಿಟ್ ಬಂದಿದ್ದರೆ ಇವತ್ತೇ ಕಂಡಿಷನರ್ ಮತ್ತು ಅಮೋನಿಯಾ ಟೆಸ್ಟ್ ತನ್ನಿ. ದೊಡ್ಡ ಟ್ಯಾಂಕ್ ಸಿದ್ಧವಾಗುವವರೆಗೆ ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ. ಸಾಕೋಕೆ ಆಗುವುದಿಲ್ಲ ಅನ್ನಿಸಿದರೆ ಸಾಕುವವರಿಗೆ ಕೊಡಿ, ಕೆರೆಗೆ ಬಿಡಬೇಡಿ, ಇವುಗಳ ರೋಗ ಅಲ್ಲಿನ ಕಪ್ಪೆಗಳಿಗೆ ಹರಡಬಹುದು. ಖಾಲಿಯಾದ ಡಬ್ಬಿಯನ್ನು ನಾವು ಬ್ಲಡ್‌ವರ್ಮ್ ಕರಗಿಸೋಕೆ ಇಟ್ಟುಕೊಂಡಿದ್ದೇವೆ. ಆ ಒಂದು ಸ್ಟಾರ್ ಅದಕ್ಕೆ.