ಎಂಟು ಸೆಕೆಂಡಿನ ಸೆರಗು: ಎಐ ವಿಡಿಯೊ ಸೇವೆಯನ್ನು ಒಂದೂವರೆ ವರ್ಷ ಬಳಸಿದ ಮೇಲೆ

ಬಳಕೆ: 2024ರ ಜುಲೈಯಿಂದ, ತಿಂಗಳು ತಿಂಗಳೂ ಕೈಯಿಂದ ಹಣ ಕಟ್ಟಿ. ಅಂಕ: ಐದಕ್ಕೆ ಮೂರು. ಸೇವೆಯ ಹೆಸರು ಬರೆಯುವುದಿಲ್ಲ. ನಡುವೆ ಬೇರೆ ಎರಡು ಸೇವೆಗಳಿಗೂ ಹೋಗಿ ಬಂದಿದ್ದೇನೆ. ಗುಣವೂ ದೋಷವೂ ಎಲ್ಲ ಕಡೆ ಒಂದೇ ತಾಯಿಯ ಮಕ್ಕಳು.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಸೀರೆ ಅಂಗಡಿ, ಚಿನ್ನದ ಅಂಗಡಿ, ಕೋಚಿಂಗ್ ಸೆಂಟರ್, ಗಾಣದ ಎಣ್ಣೆ ಇವುಗಳ ಜಾಹೀರಾತು, ಮುಹೂರ್ತದ ಕಾಲದಲ್ಲಿ ಮದುವೆ, ಇಷ್ಟೇ ನಮ್ಮ ಹೊಟ್ಟೆಪಾಡು. 2024ರ ಫೆಬ್ರುವರಿಯಲ್ಲಿ ಓಪನ್‌ಎಐ ಸಂಸ್ಥೆ, ಬರೆದುಕೊಟ್ಟ ಮಾತಿನಿಂದ ವಿಡಿಯೊ ಹುಟ್ಟಿಸುವ ಸೋರಾದ ಮಾದರಿ ದೃಶ್ಯಗಳನ್ನು ಹೊರಗೆ ಬಿಟ್ಟಿತಲ್ಲ, ಆವತ್ತು ಟೋಕಿಯೊದ ಒದ್ದೆ ಬೀದಿಯಲ್ಲಿ ನಡೆದು ಬರುವ ಹೆಂಗಸನ್ನು ನಾವು ನಾಲ್ಕು ಜನ ಒಂದೇ ಮೊಬೈಲಿಗೆ ಮುಖ ಹಾಕಿಕೊಂಡು ನೋಡಿದೆವು. ನಮ್ಮ ಕ್ಯಾಮೆರಾಮನ್ ಕೇಳಿದ ಮೊದಲ ಮಾತು, ‘ಇದಕ್ಕೆ ಲೈಟ್ ಯಾರು ಮಾಡಿದ್ದು?’ ಯಾರೂ ಮಾಡಿಲ್ಲ ಎಂದೆ. ಅವನು ಇನ್ನೊಮ್ಮೆ ನೋಡಿ ಸುಮ್ಮನಾದ. ಐದು ತಿಂಗಳ ಮೇಲೆ ನಾನೂ ಚಂದಾದಾರನಾದೆ.

ಮೊದಲ ದೊಡ್ಡ ಕೆಲಸ ಇಳಕಲ್ ಸೀರೆಯದು. ಮೂವತ್ತು ಸೆಕೆಂಡಿನ ಜಾಹೀರಾತು, ದಸರೆಗೆ ಮುಂಚೆ ಬೇಕು, ಹಣ ಕಡಿಮೆ. ಜೋಳದ ಹೊಲ, ಸಂಜೆ ಬಿಸಿಲು, ಇಳಕಲ್ ಸೀರೆ ಉಟ್ಟ ಹುಡುಗಿ ತಿರುಗಿ ನೋಡಬೇಕು ಎಂದು ಬರೆದೆ. ಒಂದೂವರೆ ನಿಮಿಷದಲ್ಲಿ ಬಂದ ಹೊಲ ಕಣ್ಣಿಗೆ ಕಟ್ಟುವಂತಿತ್ತು, ಬಿಸಿಲು ಇನ್ನೂ ಚೆನ್ನಾಗಿತ್ತು. ಸೀರೆ ಮಾತ್ರ ಮೈತುಂಬ ಜರಿಯ ಬನಾರಸಿ. ಯಂತ್ರಕ್ಕೆ ಭಾರತದ ಸೀರೆ ಎಂದರೆ ಜರಿ. ಅದು ಹೆಚ್ಚಾಗಿ ನೋಡಿರುವುದೇ ಅದನ್ನು.

ಸರಿ, ಅಂಗಡಿಯಲ್ಲಿ ತೆಗೆದ ಫೋಟೊ ಕೊಟ್ಟು ಅದನ್ನೇ ಚಲಿಸುವಂತೆ ಮಾಡಿಸಿದೆ. ಮೊದಲ ಸೆಕೆಂಡಿನಲ್ಲಿ ಕೆಂಪು ಸೆರಗು, ಅದರ ಮೇಲೆ ತೋಪುತೆನೆ ಎಂಬ ಬಿಳಿಯ ಜೋಳದ ತೆನೆಯ ಚಿತ್ತಾರ, ಎಲ್ಲ ನೆಟ್ಟಗೆ. ಹುಡುಗಿ ತಿರುಗತೊಡಗಿದಳು. ಮೂರನೆಯ ಸೆಕೆಂಡಿಗೆ ಜೋಳದ ತೆನೆ ಎಲೆಯಾಯಿತು, ಐದಕ್ಕೆ ನಕ್ಷತ್ರವಾಯಿತು. ಫೋಟೊದಲ್ಲಿ ಕಾಣದ ಬೆನ್ನಿನ ಭಾಗ ಯಂತ್ರಕ್ಕೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಅದಕ್ಕಿಲ್ಲ. ಅದರ ಹೊಟ್ಟೆಯಲ್ಲಿ ಸೀರೆ ಎಂಬ ವಸ್ತುವಿಲ್ಲ. ಇಂಥ ಚಿತ್ರದ ನಂತರ ಎಂಥ ಚಿತ್ರ ಬಂದೀತು ಎಂಬ ಊಹೆ ಇದೆ, ಅಷ್ಟೇ.

ನಲವತ್ತಕ್ಕೂ ಹೆಚ್ಚು ಸಲ ಮಾಡಿಸಿ, ಕಣ್ಣಿಗೆ ಹೊಂದುವ ನಾಲ್ಕನ್ನು ಜೋಡಿಸಿ ಅಂಗಡಿಯ ಹಿರಿಯರಿಗೆ ತೋರಿಸಿದೆ. ಅವರು ಮೊಬೈಲನ್ನು ಸೀರೆ ನೋಡುವ ಹಾಗೆಯೇ ಬೆಳಕಿಗೆ ಹಿಡಿದು ನೋಡಿದರು. ‘ಸರ್, ಸೆರಗಿಗೆ ಕೊಂಡಿ ಹಾಕಿದ ಗೆರೆ ಎಲ್ಲಿದೆ?’ ಇಳಕಲ್ ಸೀರೆಯ ಒಡಲಿನ ಹಾಸು (ಉದ್ದುದ್ದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದೇ ಕೊಂಡಿ. ನನ್ನ ನಾಲ್ಕೂ ದೃಶ್ಯಗಳಲ್ಲಿ ಆ ಗೆರೆ ಇರಲಿಲ್ಲ. ಅವರು ಬೈಯಲಿಲ್ಲ. ‘ಇದನ್ನು ನೋಡಿ ಬಂದವರಿಗೆ ನಾನು ಯಾವ ಸೀರೆ ತೋರಿಸಲಿ?’ ಎಂದು ಕೇಳಿದರು. ಮರುದಿನ ಅಂಗಡಿಯ ತಾರಸಿಯ ಮೇಲೆ ಒಂದು ಗಂಟೆಯಲ್ಲಿ ನಿಜವಾದ ಸೀರೆಯನ್ನು ಕ್ಯಾಮೆರಾದಲ್ಲಿ ಹಿಡಿದೆವು. ಹೊಲ ಮತ್ತು ಮೋಡ ಯಂತ್ರದವು, ಸೆರಗು ನೇಕಾರರದು. ಆ ಜಾಹೀರಾತು ಚೆನ್ನಾಗಿಯೇ ಓಡಿತು.

ಅಂದಿನಿಂದ ಈ ಉಪಕರಣಕ್ಕೆ ನಾನು ಹಾಕಿಕೊಂಡ ಲೆಕ್ಕ ಇದು: ಯಾರದೂ ಅಲ್ಲದ ವಸ್ತುವಾದರೆ ಧಾರಾಳವಾಗಿ ಬಳಸಬಹುದು. ಮಳೆ, ಮಂಜು, ಮೇಲಿನಿಂದ ಕಾಣುವ ಕಣಿವೆ, ಎಣ್ಣೆ ಬೀಳುವ ನಿಧಾನಗತಿಯ ದೃಶ್ಯ, ಇವಕ್ಕೆ ಐದಕ್ಕೆ ಐದು ಕೊಡುತ್ತೇನೆ. ಗ್ರಾಹಕರಿಗೆ ಕಥೆ ಒಪ್ಪಿಸಲು ಇದರಂಥದ್ದು ಇನ್ನೊಂದಿಲ್ಲ. ಮೊದಲು ನಾನು ಕಡ್ಡಿಗೊಂಬೆ ಬರೆದು ‘ಇಲ್ಲಿ ಕ್ಯಾಮೆರಾ ಬರುತ್ತದೆ’ ಎಂದು ಕೈ ತಿರುಗಿಸಿ ವಿವರಿಸುತ್ತಿದ್ದೆ, ಅವರು ತಲೆಯಾಡಿಸಿ ಚಿತ್ರೀಕರಣದ ದಿನ ‘ಹೀಗೆ ಅಂದುಕೊಂಡಿರಲಿಲ್ಲ’ ಎನ್ನುತ್ತಿದ್ದರು. ಈಗ ಆ ಜಗಳ ಎರಡು ದಿನ ಮೊದಲೇ, ಚಹಾ ಕುಡಿಯುತ್ತಾ ಮುಗಿಯುತ್ತದೆ.

ವಸ್ತುವಿಗೆ ಊರು, ಹೆಸರು, ಇತಿಹಾಸ ಇದ್ದರೆ ಎಚ್ಚರ. 1824ರ ಕಿತ್ತೂರು ಯುದ್ಧಕ್ಕೆ ಇನ್ನೂರು ವರ್ಷವಾದಾಗ ಒಂದು ಶಾಲೆಯವರು ಐದು ನಿಮಿಷದ ಚಿತ್ರ ಕೇಳಿದರು. ಚೆನ್ನಮ್ಮನ ಸೈನಿಕರಿಗೆ ಯಂತ್ರ ರಾಜಸ್ಥಾನದ ಪೇಟ ಸುತ್ತಿತು, ಕೋಟೆಗೆ ಜೈಪುರದ ಗುಲಾಬಿ ಬಣ್ಣ ಬಳಿಯಿತು. ಇವತ್ತು ಕಿತ್ತೂರಿನಲ್ಲಿ ನಿಂತಿರುವುದು ಅರಮನೆಯ ಅವಶೇಷ. ಅದನ್ನೇ ನೇರವಾಗಿ ಚಿತ್ರಿಸಿ, ಯುದ್ಧಕ್ಕೆ ಬರೀ ಧೂಳು, ಕುದುರೆ ಕಾಲು, ಪಂಜು ಇಟ್ಟುಕೊಂಡೆ. ಪರದೆಯ ಮೂಲೆಯಲ್ಲಿ ‘ಕಲ್ಪಿತ ದೃಶ್ಯ’ ಎಂದು ಬರೆಸಿದೆ. ಆಗ ಅದನ್ನು ಯಾರೂ ಕೇಳಿರಲಿಲ್ಲ. ಇಂಥ ದೃಶ್ಯಗಳಿಗೆ ಕಡ್ಡಾಯ ಗುರುತು ಬೇಕೆಂಬ ಕರಡು ನಿಯಮವನ್ನು ಕೇಂದ್ರ ಸರ್ಕಾರ ಹೊರತಂದದ್ದು 2025ರ ಅಕ್ಟೋಬರ್‌ನಲ್ಲಿ.

ಕನ್ನಡದ ಕಥೆ ಬೇರೆ. ಅಂಗಡಿಯ ಬೋರ್ಡ್ ತೋರಿಸು ಎಂದರೆ ಒತ್ತಕ್ಷರಗಳೆಲ್ಲ ಜಿಲೇಬಿ ಆಗುತ್ತವೆ. ಖಾಲಿ ಬೋರ್ಡ್ ಮಾಡಿಸಿ ಅಕ್ಷರ ನಾವೇ ಕೂರಿಸುತ್ತೇವೆ. 2025ರ ಮೇ ತಿಂಗಳಲ್ಲಿ ಗೂಗಲ್‌ನ ವಿಯೊ 3 ದೃಶ್ಯದ ಜೊತೆಗೇ ಮಾತನ್ನೂ ಹುಟ್ಟಿಸತೊಡಗಿದ ಮೇಲೆ ನನ್ನ ಸೇವೆಗೂ ಬಾಯಿ ಬಂತು. ‘ಬನ್ನಿ ನಮ್ಮ ಹಳ್ಳಿಗೆ’ ಎಂದು ಹೇಳಿಸಲು ಹೋದೆ. ಮುದ್ದಾದ ಅಜ್ಜಿ ಕೈಮುಗಿದು ‘ಬನ್ನಿ ನಮ್ಮ ಹಲ್ಲಿಗೆ’ ಎಂದಳು. ಸ್ಟುಡಿಯೊದಲ್ಲಿ ಒಂದು ವಾರ ಅದೇ ತಮಾಷೆ. ಧ್ವನಿಗೆ ಈಗಲೂ ಧಾರವಾಡದ ಒಬ್ಬ ಕಲಾವಿದೆಯನ್ನೇ ಕರೆಸುತ್ತೇನೆ.

ಹಣದ ವಿಷಯ. ಚಂದಾ ನೋಡಿ ಅಗ್ಗ ಎನ್ನಬೇಡಿ. ಹಿಂದೆ ಒಂದು ತುಣುಕು ಐದು ಸೆಕೆಂಡ್ ಇತ್ತು, ಈಗ ಎಂಟು. ನನ್ನ ಪುಸ್ತಕದ ಲೆಕ್ಕದಲ್ಲಿ ಬಳಸಲು ಬರುವ ಒಂದು ತುಣುಕಿಗೆ ಎಂಟೊಂಬತ್ತು ಕೆಟ್ಟ ತುಣುಕುಗಳ ಕ್ರೆಡಿಟ್ (ಚಂದಾ ಹಣಕ್ಕೆ ಸಿಗುವ ಬಳಕೆಯ ಪಾಲು) ಹೋಗುತ್ತದೆ. ಆರು ಬೆರಳು ಬಂದರೂ ದುಡ್ಡು ಕಡಿತ. ಉಳಿದ ಕ್ರೆಡಿಟ್ ತಿಂಗಳ ಕೊನೆಗೆ ಮಾಯ. ಒಮ್ಮೆ ಕೆಲಸದ ನಡುವೆಯೇ ಸೇವೆಯವರು ಹಳೆಯ ಎಐ ಮಾದರಿಯನ್ನು ತೆಗೆದು ಹೊಸದನ್ನು ಹಾಕಿದರು. ಗ್ರಾಹಕರು ಒಪ್ಪಿದ್ದ ಹುಡುಗಿಯ ಮುಖ ಮತ್ತೆ ಬರಲೇ ಇಲ್ಲ. ದೂರು ಬರೆದರೆ ಉತ್ತರಿಸಿದ್ದೂ ಒಂದು ಯಂತ್ರ, ಬಹಳ ವಿನಯದಿಂದ.

ಅಂಕ ಕಡಿಮೆಯಾದದ್ದು ಇದರಿಂದಲ್ಲ. ಮೊದಲು ನಮ್ಮ ಒಂದು ದಿನದ ಚಿತ್ರೀಕರಣ ಎಂದರೆ ಕ್ಯಾಮೆರಾಮನ್, ಅವನ ಸಹಾಯಕ, ಲೈಟಿನ ಇಬ್ಬರು, ಮೇಕಪ್‌ನವರು, ವ್ಯಾನಿನ ಚಾಲಕ, ಜೊತೆಗೆ ಊಟ. ತಿಂಗಳಿಗೆ ಏಳೆಂಟು ಇದ್ದ ಅಂಥ ದಿನಗಳು ಈಗ ಎರಡು, ಹೆಚ್ಚೆಂದರೆ ಮೂರು. ಉಳಿದ ಹಣ ನನ್ನ ಜೇಬಿಗೆ ಬಂತೇ? ಒಂದು ವರ್ಷ ಬಂತು. ಆಮೇಲೆ ಗ್ರಾಹಕರಿಗೂ ಗುಟ್ಟು ತಿಳಿಯಿತು. ‘ಎಐಯಲ್ಲಿ ಮಾಡುತ್ತೀರಲ್ಲ, ಬಟನ್ ಒತ್ತಿದರೆ ಆಯಿತು’ ಎಂದು ಅರ್ಧಕ್ಕೆ ಇಳಿಸಿದರು. ಈಗ ಲೈಟಿನವರ ಕೂಲಿಯೂ ಹೋಯಿತು, ನನ್ನ ದರವೂ ಹೋಯಿತು, ಚಂದಾ ಮಾತ್ರ ಡಾಲರ್ ಲೆಕ್ಕದಲ್ಲಿ ತಪ್ಪದೆ ಹೋಗುತ್ತಿದೆ.

ಹಾಲಿವುಡ್‌ನವರು ಇದನ್ನು ಬೇಗ ಗ್ರಹಿಸಿದರು. 2023ರಲ್ಲಿ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಹೂಡಿದ ಬೇಡಿಕೆಗಳಲ್ಲಿ ಎಐ ಕೂಡ ಇತ್ತು. ನಟನ ಡಿಜಿಟಲ್ ಪ್ರತಿರೂಪ ಮಾಡಬೇಕಾದರೆ ಅವನ ಒಪ್ಪಿಗೆ ಬೇಕು, ಸಂಭಾವನೆ ಕೊಡಬೇಕು ಎಂದು ಬರೆಸಿಕೊಂಡರು. ಆದರೂ ಮರುವರ್ಷ ಸೋರಾ ನೋಡಿದ ಅಮೆರಿಕದ ನಟ, ನಿರ್ಮಾಪಕ ಟೈಲರ್ ಪೆರಿ ಅಟ್ಲಾಂಟಾದ ತಮ್ಮ ಸ್ಟುಡಿಯೊದ 80 ಕೋಟಿ ಡಾಲರ್ ವಿಸ್ತರಣೆಯನ್ನೇ ನಿಲ್ಲಿಸಿದರು. ಆ ಕಟ್ಟಡಗಳಲ್ಲಿ ದೀಪ ಹಿಡಿಯಬೇಕಾಗಿದ್ದವರ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ. ನಮ್ಮ ಕಡೆ 2013ರ ಹಿಂದಿ ಚಿತ್ರವೊಂದರ ತಮಿಳು ರೂಪಕ್ಕೆ 2025ರ ಆಗಸ್ಟ್‌ನಲ್ಲಿ ಎಐಯಿಂದ ಹೊಸ ಅಂತ್ಯ ಅಂಟಿಸಿ ಮರುಬಿಡುಗಡೆ ಮಾಡಿದರು. ನಿರ್ದೇಶಕ ಆನಂದ್ ಎಲ್. ರೈ, ನಾಯಕ ಧನುಷ್ ಇಬ್ಬರೂ ಪ್ರತಿಭಟಿಸಿದರು, ಚಿತ್ರ ಬಿಡುಗಡೆಯಾಗಿಯೇ ಆಯಿತು. ಅಂಥವರ ಮಾತೇ ನಡೆಯದಿದ್ದರೆ ನಮ್ಮ ಲೈಟ್ ಹುಡುಗರನ್ನು ಯಾರು ಕೇಳಿಯಾರು?

ಒಂದು ಕೆಲಸ ಮಾಡಬಾರದಿತ್ತು. ಮದುವೆಯ ಮನೆಯವರು ತೀರಿಕೊಂಡ ತಂದೆ ಮಗಳನ್ನು ಹರಸುವಂತೆ ಮಾಡಿಕೊಡಿ ಎಂದು ಗೋಡೆಯ ಫೋಟೊ ತಂದರು. ಗಾಜಿನ ಮೇಲೆ ಇನ್ನೂ ಕುಂಕುಮವಿತ್ತು. ಮುಚ್ಚಿದ ತುಟಿಯ, ಬಿಗಿ ಮುಖದ ಮನುಷ್ಯ. ಯಂತ್ರ ಅವರನ್ನು ಬಿಳಿ ಹಲ್ಲು ತೋರಿಸಿ ನಗಿಸಿತು. ಮಂಟಪದ ಪಕ್ಕದ ಪರದೆಯಲ್ಲಿ ಅದು ಬಂದಾಗ ಎಲ್ಲರೂ ಅತ್ತರು. ಆಲ್ಬಮ್ ಒಯ್ಯಲು ಬಂದ ದಿನ ಮಗಳು ನನ್ನನ್ನು ಪಕ್ಕಕ್ಕೆ ಕರೆದು, ‘ಅಪ್ಪನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ ಸರ್, ಅದಕ್ಕೇ ಅವರು ಬಾಯಿ ತೆರೆದು ನಗುತ್ತಿರಲಿಲ್ಲ. ಅಮ್ಮನಿಗೆ ಈಗ ಈ ನಗುವೇ ನೆನಪಿಗೆ ಬರುತ್ತದಂತೆ’ ಎಂದಳು. ಅಂಥ ಕೆಲಸ ಮತ್ತೆ ಮೂರು ಸಲ ಬಂತು, ಒಪ್ಪಿಕೊಂಡಿಲ್ಲ.

ಚಂದಾ ಮುಂದುವರಿಸುತ್ತೇನೆಯೇ ಎಂದರೆ, ಹೌದು, ತಿಂಗಳ ಲೆಕ್ಕದಲ್ಲಿ. ವಾರ್ಷಿಕ ರಿಯಾಯಿತಿಗೆ ಬೀಳಬೇಡಿ. ಆರು ತಿಂಗಳಲ್ಲಿ ಇನ್ನೊಂದು ಸೇವೆ ಮುಂದೆ ಹೋಗಿರುತ್ತದೆ.

ಮುಂದಿನ ವಾರ ಅದೇ ಸೀರೆ ಅಂಗಡಿಯವರಿಗೆ ಇಳಕಲ್‌ನಲ್ಲಿ ಮಗ್ಗದ ಚಿತ್ರೀಕರಣ ಇದೆ. ಕೊಂಡಿ ಹಾಕುವ ಕೈಗಳನ್ನು ಹತ್ತಿರದಿಂದ ತೋರಿಸಬೇಕು, ಮಗ್ಗದ ಮನೆಯಲ್ಲಿ ಬೆಳಕು ಕಡಿಮೆ. ಲೈಟಿನ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬ ಬರುತ್ತಾನೆ. ಇನ್ನೊಬ್ಬ ಈಗ ಬಾಡಿಗೆ ಆಟೊ ಓಡಿಸುತ್ತಿದ್ದಾನೆ, ಭಾನುವಾರಕ್ಕೆ ಇಟ್ಟುಕೊಂಡರೆ ಬರುತ್ತೇನೆ ಎಂದ. ಭಾನುವಾರಕ್ಕೇ ಇಟ್ಟುಕೊಂಡಿದ್ದೇನೆ.