ಮಸ್ಟಾಂಗೋ, ಲಿಂಕನ್ನೋ?

ಅಮೆರಿಕದಲ್ಲಿ 1965ರ ಹಳೇ ಕನ್ವರ್ಟಿಬಲ್, ಅಂದರೆ ಟಾಪ್ ತೆರೆಯುವ ಕಾರು, ಕೊಳ್ಳಬೇಕಾ? ಫೋರ್ಡ್ ಮಸ್ಟಾಂಗ್ ಹಗುರ. ಬಿಡಿಭಾಗಗಳನ್ನು ಈಗಲೂ ಹೊಸದಾಗಿ ಮಾಡುತ್ತಾರೆ. ಭಯ ಇರುವುದು ತುಕ್ಕಿನದೇ. ಕಾರ್ಪೆಟ್ ಎತ್ತಿ ತಳ ನೋಡಿ. ಕಾರ್ಖಾನೆಯಲ್ಲೇ ಕೊಟ್ಟ ಗಾಡಿ ನಂಬರಿನ (VIN, ನಂಬರ್ ಪ್ಲೇಟಿನದಲ್ಲ) ಮೂರು, ನಾಲ್ಕನೇ ಜಾಗದಲ್ಲಿ 08 ಇರಬೇಕು. 07 ಇದ್ದರೆ ಅದು ಮೂಲದಲ್ಲಿ ಟಾಪ್ ತೆರೆಯದ ಕೂಪೆ, ಯಾರೋ ಮೇಲಿನ ತಗಡು ಕತ್ತರಿಸಿದ್ದಾರೆ ಅಂತಲೇ ಅರ್ಥ.

ಲಿಂಕನ್ ಕಾಂಟಿನೆಂಟಲ್‌ನ ಗತ್ತೇ ಬೇರೆ. ನಾಲ್ಕು ಬಾಗಿಲು, ಹಿಂದಿನವು ಉಲ್ಟಾ ತೆರೆಯುತ್ತವೆ. 7 ಲೀಟರ್ ವಿ8 ಎಂಜಿನ್, ತೂಕ ಎರಡು ಟನ್‌ಗೂ ಜಾಸ್ತಿ. ಟಾಪ್ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಕೂರುತ್ತದೆ. ಸಾಮಾನಿಗೆ ಜಾಗ? ಮರೆತುಬಿಡಿ! ಒಂದು ರಿಲೇ (ವಿದ್ಯುತ್ ಸ್ವಿಚ್) ಕೈಕೊಟ್ಟರೂ ಟಾಪ್ ಅರ್ಧದಲ್ಲೇ ನಿಲ್ಲಬಹುದು.

ಮೊದಲ ಹಳೇ ಕಾರು ಅಂದರೆ ನಾನು ಮಸ್ಟಾಂಗ್ ಅನ್ನುತ್ತೇನೆ. ಲಿಂಕನ್ನೇ ಬೇಕೆಂದರೆ, ಮಾರುವವರ ಎದುರೇ ಟಾಪ್ ಮೂರು ಸಲ ತೆರೆದು ಮುಚ್ಚಿಸಿ.